ಹಳೇ ಪುಸ್ತಕಗಳು ಕೊನೆಗೂ ಹುಡುಕಿದರೆ ಸಿಗುತ್ತಿವೆ: ನನ್ನ ಅನುಭವ

"ಕ್ಯಾಮೆರಾದಲ್ಲಿ ತೆಗೆದ ಪುಟ ಯಾರು ಓದ್ತಾರೆ ಮೇಡಂ? ಇದು ಆಗೋ ಕೆಲಸ ಅಲ್ಲ" ಅಂದಿದ್ದವರೇ ಹೋದ ವಾರ ಬಂದು ನಮ್ಮ ಕ್ಯಾಮೆರಾ ಸ್ಟ್ಯಾಂಡಿನ ಅಳತೆ ಬರೆದುಕೊಂಡು ಹೋದರು. ಖುಷಿಯಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಗ್ರಂಥಾಲಯದ ಹಳೇ ಕನ್ನಡ ಪುಸ್ತಕಗಳನ್ನು ಕ್ಯಾಮೆರಾದಲ್ಲಿ ಪುಟಪುಟವಾಗಿ ತೆಗೆದು, ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವ ಹಾಗೆ ಮಾಡಿದ ಕಥೆ ಇದು. ಕೋಹಾ, ಡಿಸ್ಪೇಸ್, ಮಾರ್ಕ್‌ನಂಥ ಗ್ರಂಥಾಲಯದ ಸಾಫ್ಟ್‌ವೇರ್, ಕ್ಯಾಟಲಾಗ್ ಪದ್ಧತಿಗಳ ಬಗ್ಗೆ ಇಲ್ಲಿ ಹೇಳಲ್ಲ. ನಾನು ಎಲ್ಲಿ ಸೋತೆ, ದುಡ್ಡು ಎಲ್ಲಿ ಹೋಯಿತು ಅನ್ನುವುದನ್ನು ಹೇಳುತ್ತೇನೆ.

ಮೊದಲು ಕೈ ಸುಟ್ಟಿದ್ದು ಇ-ಪುಸ್ತಕದ ಚಂದಾದಲ್ಲಿ. ವರ್ಷದ ಪುಸ್ತಕದ ದುಡ್ಡಿನಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಅದಕ್ಕೆ ಹೋಯಿತು. ಮರುವರ್ಷ ಕಟ್ಟಲು ಆಗಲಿಲ್ಲ. ಒಂದೇ ದಿನಕ್ಕೆ ಎಲ್ಲ ಬಂದ್. ನಮ್ಮ ಕೈಯಲ್ಲಿ ಒಂದು ಹಾಳೆಯೂ ಉಳಿಯಲಿಲ್ಲ. ಆಗಲೇ ತೀರ್ಮಾನ ಮಾಡಿದೆ, ಮೊದಲು ನಮ್ಮ ಕಪಾಟಿನಲ್ಲೇ ಪುಡಿಯಾಗುತ್ತಿರುವ ಹಳೇ ಪುಸ್ತಕಗಳನ್ನು ಉಳಿಸಿಕೊಳ್ಳಬೇಕು. ಕೃತಿಸ್ವಾಮ್ಯದ (ಕಾಪಿರೈಟ್) ಅವಧಿ ಮುಗಿದವು ಮಾತ್ರ, ಸುಮಾರು 1,100 ಇದ್ದವು.

ಸ್ಕ್ಯಾನ್ ಮಾಡಲು ಹೊರಗಿನವರಿಗೆ ಕೊಟ್ಟರೆ ಎರಡು ವರ್ಷದ ಪುಸ್ತಕದ ದುಡ್ಡು ಪೂರ್ತಿ ಬೇಕಿತ್ತು. ಹಾಗಾಗಿ ಇದ್ದ ಫ್ಲ್ಯಾಟ್‌ಬೆಡ್ ಸ್ಕ್ಯಾನರ್‌ನಲ್ಲೇ (ಗಾಜಿನ ಮೇಲೆ ಪುಟ ಬೋರಲು ಹಾಕುವಂಥದ್ದು) ಶುರು ಮಾಡಿದೆವು. ಅದೇ ದೊಡ್ಡ ತಪ್ಪು. ಒಂದು ಹಳೇ ನಿಘಂಟನ್ನು ಗಾಜಿನ ಮೇಲೆ ಒತ್ತಿ ಹಿಡಿದಿದ್ದೆ. ಟಕ್ ಅಂತ ಸದ್ದು. ಬೆನ್ನು ಬಿರಿದು, ಹೊಲಿಗೆ ಹರಿದು, ನಡುವಿನ ಹಾಳೆಗಳು ಕೈಗೇ ಬಂದವು. ಆ ಸದ್ದು ಇನ್ನೂ ಕಿವಿಯಲ್ಲಿದೆ. ನಲವತ್ತು ಪುಸ್ತಕ ಮುಗಿಯುವಷ್ಟರಲ್ಲಿ ಆರೇಳು ಹಾಳಾದವು. ನಿಲ್ಲಿಸಿಬಿಟ್ಟೆ.

ಆಮೇಲೆ ಬಡಗಿಯ ಹತ್ತಿರ ಪ್ಲೈವುಡ್‌ನಲ್ಲಿ ವಿ ಆಕಾರದ ತೊಟ್ಟಿಲು ಮಾಡಿಸಿದೆ. ಪುಸ್ತಕ ಅರ್ಧ ತೆರೆದುಕೊಂಡು ಕೂರುತ್ತದೆ, ಬೆನ್ನಿಗೆ ನೋವಿಲ್ಲ. ಮೇಲೆ ಅದೇ ಆಕಾರದ ಗಾಜು. ಎರಡು ಕಡೆ ಎರಡು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಒಂದೊಂದಕ್ಕೆ ಒಂದು ಪುಟ. ಎಲ್ಲ ಸೇರಿ ಪುಸ್ತಕ ಸ್ಕ್ಯಾನ್ ಮಾಡುವ ದೊಡ್ಡ ಮೆಷಿನ್ ಬೆಲೆಯ ಹತ್ತನೇ ಒಂದು ಭಾಗ ಆಗಿರಬಹುದು. ಈ ಕ್ಯಾಮೆರಾ ಸಾಲದು ಅಂದವರಿಗೆ ಲೆಕ್ಕ ತೋರಿಸಿದೆ. ಎ4 ಪುಟಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್, ಅಷ್ಟೇ. ಹಳೇ ಕ್ಯಾಮೆರಾಗಳೇ ಅದಕ್ಕಿಂತ ಜಾಸ್ತಿ ಕೊಡುತ್ತವೆ. ಫೋಕಸ್ ಮಾತ್ರ ಕೈಯಲ್ಲೇ ಇಟ್ಟು ಲಾಕ್ ಮಾಡಬೇಕು. ಆಟೋದಲ್ಲೇ ಬಿಟ್ಟರೆ ಗಾಜಿನ ಮೇಲಿನ ಧೂಳಿಗೆ ಫೋಕಸ್ ಆಗುತ್ತದೆ, ಹಾಗೆ ನಮ್ಮದು ಎರಡು ದಿನದ ಕೆಲಸ ಹೋಯಿತು. ಗಾಜಿನಲ್ಲಿ ದೀಪ ಹೊಳೆಯುವುದನ್ನು ತಪ್ಪಿಸಲು ಒಂದು ತಿಂಗಳು ಒದ್ದಾಡಿದೆ. ಕೊನೆಗೆ ದೀಪ ಎಲ್ಲಿಟ್ಟೆ ಅನ್ನುವುದನ್ನು ಬಂದು ನೋಡಿದವರಿಗೆ ತೋರಿಸುತ್ತೇನೆ, ಬರೆದರೆ ಅರ್ಥ ಆಗಲ್ಲ.

ಮೊದಲ ವಾರ ಗಂಟೆಗೆ 150 ಪುಟ. ಈಗ ಇಬ್ಬರು ಕೂತರೆ 500 ದಾಟುತ್ತದೆ.

ಹಳೇ ತೆಳು ಕಾಗದದಲ್ಲಿ ಹಿಂದಿನ ಪುಟದ ಅಕ್ಷರ ಈಚೆಗೆ ಕಾಣುತ್ತದೆ, ಅಲ್ವಾ? ಚಿತ್ರದಲ್ಲಿನ ಅಕ್ಷರ ಓದಿ ಪಠ್ಯ ಮಾಡಿಕೊಡುವ ಟೆಸೆರಾಕ್ಟ್ ಸಾಫ್ಟ್‌ವೇರ್‌ಗೆ ಕೊಟ್ಟರೆ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ಸಾಲಿಗೆ ನಾಲ್ಕೈದು ತಪ್ಪು. ಸಾಫ್ಟ್‌ವೇರ್‌ನಲ್ಲಿ ಏನೆಲ್ಲ ತಿದ್ದಿ ನೋಡಿದೆ, ಸುಮ್ನೆ ಟೈಮ್ ವೇಸ್ಟ್. ಒಂದು ದಿನ ಪುಟದ ಹಿಂದೆ ಕಪ್ಪು ಕಾಗದ ಸೇರಿಸಿದೆ. ಹಿಂಬದಿಯ ಅಕ್ಷರ ಮಂಕಾಗಿ ಹೋಯಿತು! ಪುಟ ಸ್ವಲ್ಪ ಕಂದಾಗಿ ಬರುತ್ತದೆ, ಅದನ್ನು ಆಮೇಲೆ ಸರಿ ಮಾಡಬಹುದು. ತಪ್ಪು ಸಾಲಿಗೆ ಒಂದೆರಡಕ್ಕೆ ಇಳಿಯಿತು.

ಆದರೂ ಓದುಗರಿಗೆ ಪುಸ್ತಕ ಸಿಗುತ್ತಿರಲಿಲ್ಲ. ನನಗೆ ತುಂಬಾ ಬೇಜಾರಾಗಿದ್ದು ಇಲ್ಲೇ. ಇಷ್ಟೆಲ್ಲ ಮಾಡಿಟ್ಟರೂ ಹುಡುಕಿದರೆ 'ಯಾವುದೂ ಇಲ್ಲ' ಅಂತಲೇ ಬರುತ್ತಿತ್ತು. ಹಳೇ ಕ್ಯಾಟಲಾಗ್ ಅರ್ಧದಷ್ಟು ಯೂನಿಕೋಡ್‌ಗೆ (ಈಗ ಕಂಪ್ಯೂಟರುಗಳು ಬಳಸುವ ಅಕ್ಷರ ಸಂಕೇತ) ಮುಂಚಿನ ಫಾಂಟಿನಲ್ಲಿತ್ತು. ಅದನ್ನು ಪರಿವರ್ತಿಸಿದ ಮೇಲೂ ಒಬ್ಬರು 'ಸೂರ್ಯ' ಅಂತ, ಇನ್ನೊಬ್ಬರು 'ಸೂರ‍್ಯ' ಅಂತ ಹೊಡೆದಿದ್ದರು. ಒಂದನ್ನು ಹುಡುಕಿದರೆ ಇನ್ನೊಂದು ಬರಲ್ಲ. ಅದಾದರೂ ಕಣ್ಣಿಗೆ ಕಾಣುತ್ತದೆ. ಓಕಾರದ ಚಿಹ್ನೆ ನೋಡಲು ಒಂದೇ ಇದ್ದರೂ, ಒಳಗೆ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಂಡಾಗಿಯೂ ಇರಬಹುದು. ಇದು ಗೊತ್ತಾಗುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ಈಗ ಪ್ರತಿ ಹೆಸರಿಗೂ ಓದುಗರಿಗೆ ಕಾಣದ ಎರಡನೇ ರೂಪ ಇಟ್ಟಿದ್ದೇವೆ. ಅದರಲ್ಲಿ ಅರ್ಕಾವತ್ತು, ಹ್ರಸ್ವ-ದೀರ್ಘ, 'ಕೃ-ಕ್ರು' ವ್ಯತ್ಯಾಸಗಳೆಲ್ಲ ಒಂದೇ ಆಗುತ್ತವೆ. ಹುಡುಕುವವರ ಪದವನ್ನೂ ಹಾಗೇ ಬದಲಿಸಿ ಹೋಲಿಸುತ್ತದೆ. ಯಾವುದನ್ನು ಯಾವುದಕ್ಕೆ ಸೇರಿಸಬೇಕು ಅನ್ನುವ ಪಟ್ಟಿ ಎರಡು ವರ್ಷದ ದುಡಿಮೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ತಪ್ಪು ಕಾಗುಣಿತದಲ್ಲಿ ಹೊಡೆದರೂ ಪುಸ್ತಕ ಸಿಗುತ್ತದೆ. ಇಷ್ಟು ಚೆನ್ನಾಗಿ ಕನ್ನಡ ಹುಡುಕುವ ಕ್ಯಾಟಲಾಗ್ ನಾನಂತೂ ಬೇರೆಲ್ಲೂ ನೋಡಿಲ್ಲ.

ನಡುವೆ ಕಪಾಟುಗಳಿಗೆ ಕ್ಯೂಆರ್ ಅಂಟಿಸಿ, ಆ ಕಪಾಟಿನ ಡಿಜಿಟಲ್ ಪುಸ್ತಕಗಳು ಮೊಬೈಲಿನಲ್ಲಿ ಬರುವ ಹಾಗೆ ಮಾಡಿದ್ದೆ. ಯುವಕರು ಬಳಸಲೇ ಇಲ್ಲ. ವಯಸ್ಸಾದವರು ಬಳಸಿದರು, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು ಅಂತ. ಅದನ್ನು ನೋಡಿ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಕೂಡ ಹಾಕಿ ನೋಡಿದೆ. ಉಳಿದ ಒಂದೆರಡು ತಪ್ಪೇ ಕಿವಿಗೆ ವಿಪರೀತ ಚುಚ್ಚುತ್ತವೆ. ಬಿಟ್ಟೆ, ಮತ್ತೆ ಮಾಡುತ್ತೇನೆ.

ಒಂದು ಹಾರ್ಡ್ ಡಿಸ್ಕ್ ಕೈಕೊಟ್ಟು ಸುಮಾರು 90 ಪುಸ್ತಕ ಮತ್ತೆ ಸ್ಕ್ಯಾನ್ ಮಾಡಬೇಕಾಯಿತು. ಅಲ್ಲಿಂದ ಮೂರು ಪ್ರತಿ, ಒಂದು ಬೇರೆ ಕಟ್ಟಡದಲ್ಲಿ, ತಿಂಗಳಿಗೊಮ್ಮೆ ಚೆಕ್‌ಸಮ್ (ಫೈಲು ಕೆಟ್ಟಿಲ್ಲ ಅಂತ ತಿಳಿಸುವ ಸಂಖ್ಯೆ) ನೋಡುವುದು. ಈ ಖರ್ಚಿಗೆ ಚೌಕಾಸಿ ಮಾಡಬೇಡಿ.

ಇಲ್ಲಿಯವರೆಗೆ 800ರ ಹತ್ತಿರ ಮುಗಿದಿದೆ. ಪತ್ರಿಕೆಗಳ ದಪ್ಪ ಬೈಂಡುಗಳು ಈ ತೊಟ್ಟಿಲಲ್ಲಿ ಕೂರಲ್ಲ. ಬಡಗಿಗೆ ಹೊಸ ಅಳತೆ ಕೊಟ್ಟಾಗಿದೆ.