ಪರದೆಯಾಚೆ ಸಂಪಾದಕರು: ಹತ್ತು ನಿಮಿಷದಲ್ಲಿ ಬರಹ ಒಪ್ಪಿಸುವುದು ಹೇಗೆ?

ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಕುಳಿತು ಬರೆಯುವ ಫ್ರೀಲಾನ್ಸ್ ಬರಹಗಾರರಿಗೆ ಮೊದಲು ಇದ್ದದ್ದು ಎರಡೇ ದಾರಿ. ಲೇಖನ ಕಳಿಸಿ ಪ್ರತಿ ಭಾನುವಾರ ಪುರವಣಿಯ ಪುಟ ತಿರುವುತ್ತ ಕಾಯುವುದು ಒಂದು. ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ, ಪತ್ರಿಕಾ ಕಚೇರಿಯ ಕೆಳಮಹಡಿಯಲ್ಲಿ ‘ಸರ್ ಮೀಟಿಂಗ್‌ನಲ್ಲಿದ್ದಾರೆ’ ಎಂಬ ಮಾತು ಕೇಳಿಸಿಕೊಳ್ಳುವುದು ಇನ್ನೊಂದು. ಕೋವಿಡ್ ಬಂದು ವಿಡಿಯೊ ಕರೆ ಎಲ್ಲರಿಗೂ ರೂಢಿಯಾದ ಮೇಲೆ ಈ ಎರಡೂ ತಪ್ಪಿದವು. ಸಂಪಾದಕರನ್ನಾಗಲಿ, ಬರಹ ಬೇಕಾದ ಕಂಪನಿಯವರನ್ನಾಗಲಿ ಮನೆಯಿಂದಲೇ ಹತ್ತು ನಿಮಿಷ ಕಂಡು, ‘ಇಂಥದ್ದೊಂದನ್ನು ಬರೆದುಕೊಡುತ್ತೇನೆ’ ಎಂದು ಹೇಳಬಹುದು. ಇದಕ್ಕೆ ಪಿಚ್ ಮಾಡುವುದು ಎನ್ನುತ್ತಾರೆ.

ಅಮೆರಿಕದಲ್ಲಿ 1948ರಷ್ಟು ಹಿಂದೆಯೇ ಹುಟ್ಟಿದ ‘ಅಮೆರಿಕನ್ ಸೊಸೈಟಿ ಆಫ್ ಜರ್ನಲಿಸ್ಟ್ಸ್ ಆಂಡ್ ಆಥರ್ಸ್’ ಎಂಬ ಫ್ರೀಲಾನ್ಸ್ ಬರಹಗಾರರ ಸಂಘ ತನ್ನ ಸದಸ್ಯರಿಗಾಗಿ ಇಂಥ ಆನ್‌ಲೈನ್ ಭೇಟಿಗಳನ್ನು ಏರ್ಪಡಿಸುತ್ತದೆ. ಒಬ್ಬೊಬ್ಬರಿಗೂ ಕೆಲವೇ ನಿಮಿಷಗಳ ಸಮಯ. ನಮ್ಮಲ್ಲಿ ಮಾತ್ರ ಇದು ಬಹುಮಟ್ಟಿಗೆ ನಾವೇ ಕೇಳಿ ಪಡೆದುಕೊಳ್ಳಬೇಕಾದ ಭೇಟಿ.

ಪುರವಣಿಯ ಮೇಜಿನ ಈಚೆ ಕುಳಿತು ನೋಡಿದವನಾಗಿ ಒಂದು ಮಾತು ಹೇಳಬಲ್ಲೆ. ಬರುವವರಲ್ಲಿ ಹೆಚ್ಚಿನವರು ಸಿಕ್ಕ ಸಮಯದ ಅರ್ಧವನ್ನು ತಮ್ಮ ಪರಿಚಯಕ್ಕೇ ವ್ಯಯಿಸುತ್ತಾರೆ. ಎಂ.ಎ. ಮುಗಿಸಿದ್ದು, ಕಥಾಸ್ಪರ್ಧೆಯಲ್ಲಿ ಬಹುಮಾನ ಬಂದದ್ದು, ಹಿರಿಯ ಕವಿಯೊಬ್ಬರು ಬೆನ್ನು ತಟ್ಟಿದ್ದು. ಸಂಪಾದಕರಿಗೆ ಬೇಕಾದದ್ದು ಮುಂದಿನ ತಿಂಗಳ ಪುಟಕ್ಕೊಂದು ಒಳ್ಳೆಯ ಬರಹ, ಮತ್ತು ಅದನ್ನು ಹೇಳಿದ ದಿನಕ್ಕೆ ತಲುಪಿಸುವ ಮನುಷ್ಯ. ಈ ಎರಡನ್ನು ತೋರಿಸಿದರೆ ಎಂ.ಎ. ವಿಷಯವನ್ನು ಯಾರೂ ಕೇಳುವುದಿಲ್ಲ.

ಮೊದಲು ಭೇಟಿ ಗಿಟ್ಟಿಸಿ

ಯಾರನ್ನು ಕೇಳಬೇಕು ಎಂಬುದು ಮೊದಲ ಪ್ರಶ್ನೆ. ಪ್ರಧಾನ ಸಂಪಾದಕರನ್ನಲ್ಲ; ನಿಮ್ಮ ಬರಹ ಯಾವ ಪುಟಕ್ಕೆ ಹೊಂದುತ್ತದೆಯೋ ಆ ಪುಟ ನೋಡಿಕೊಳ್ಳುವವರನ್ನು ಕೇಳಿ. ಆ ಪುರವಣಿಯ ಹಿಂದಿನ ಎರಡು ಮೂರು ತಿಂಗಳ ಸಂಚಿಕೆಗಳನ್ನು ಓದಿದ ಮೇಲೆಯೇ ಪತ್ರ ಬರೆಯಬೇಕು. ‘ನಿಮ್ಮ ಪತ್ರಿಕೆಯ ಅಭಿಮಾನಿ’ ಎಂಬ ಸಾಲಿಗಿಂತ ‘ಕಳೆದ ತಿಂಗಳು ನೀವು ಪ್ರಕಟಿಸಿದ ಕೆರೆಗಳ ಲೇಖನದಲ್ಲಿ ಗದಗ ಜಿಲ್ಲೆ ಇರಲಿಲ್ಲ’ ಎಂಬ ಸಾಲು ಹೆಚ್ಚು ಕೆಲಸ ಮಾಡುತ್ತದೆ. ಪತ್ರ ಐದಾರು ಸಾಲು ದಾಟಬಾರದು. ನೀವು ಯಾರು, ಎಲ್ಲಿಯವರು, ಏನು ಬರೆಯಬೇಕೆಂದಿದ್ದೀರಿ, ಯಾವ ಎರಡು ದಿನಗಳಲ್ಲಿ ಹತ್ತು ನಿಮಿಷ ಮಾತಿಗೆ ಸಿಗಬಲ್ಲಿರಿ ಎಂದಿಷ್ಟೇ ಸಾಕು.

ಒಂಟಿಯಾಗಿ ಕೇಳಿದರೆ ಉತ್ತರ ಬರುವುದು ಕಷ್ಟ ಎನಿಸಿದರೆ ಇದಕ್ಕೊಂದು ಉಪಾಯವಿದೆ, ಅದು ನನಗೆ ಹೆಚ್ಚು ಇಷ್ಟವಾದದ್ದೂ ಹೌದು. ಧಾರವಾಡದಲ್ಲಿ ನಾಲ್ಕು ಜನ ಬರೆಯುವವರು ಸೇರುವುದು ದೊಡ್ಡ ಮಾತಲ್ಲ; 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ಊರು ಇದು, ಸಭೆ ಸೇರುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಐದಾರು ಬರಹಗಾರರು ಒಟ್ಟಾಗಿ ಒಬ್ಬ ಸಂಪಾದಕರಿಗೆ ಒಂದು ಗಂಟೆ ಬಿಡುವು ಕೇಳಿ. ಆರು ಜನರ ಪತ್ರಗಳಿಗೆ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಒಂದೇ ಗಂಟೆಯಲ್ಲಿ ಆರೂ ಜನರನ್ನು ನೋಡುವುದು ಅವರಿಗೂ ಹಗುರ. ಪ್ರತಿಯೊಬ್ಬರ ವಿಷಯವನ್ನೂ ಎರಡೆರಡು ಸಾಲಿನಲ್ಲಿ ಮುಂಚೆಯೇ ಕಳಿಸಿರಿ. ಒಬ್ಬರು ಕೈಗಡಿಯಾರ ಹಿಡಿದು ಕೂರಲಿ. ಸಂಕೋಚವಿಲ್ಲದೆ ‘ಸಮಯವಾಯಿತು’ ಎನ್ನಬಲ್ಲವರನ್ನೇ ಆರಿಸಿ. ಝೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಕಡಿದು ಹೋಗುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರಕ್ಕಿಂತ ಹೆಚ್ಚು ಜನರಿದ್ದರೂ ಒಂದು ಗಂಟೆ ಉಚಿತ. ಇಂಥ ಸಭೆಗೆ ಅದೇ ವಾಸಿ.

ವಿಷಯ ಸಿಕ್ಕ ಮಾತ್ರಕ್ಕೆ ಬರಹವಾಗದು

ಎಲ್ಲರೂ ಎಡವುವ ಜಾಗ ಇದು. ‘ಹಾವೇರಿಯ ಏಲಕ್ಕಿ ಮಾಲೆಯ ಬಗ್ಗೆ ಬರೆಯುತ್ತೇನೆ ಸರ್’ ಎಂದರೆ ಸಂಪಾದಕರು ತಲೆಯಾಡಿಸುತ್ತಾರೆ, ಅಷ್ಟೇ. ಆ ಮಾಲೆ ಯಾರಿಗೆ ಗೊತ್ತಿಲ್ಲ? 2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಪತ್ರಿಕೆಗಳೆಲ್ಲ ಅದನ್ನು ಬರೆದು ಮುಗಿಸಿವೆ. ಏಲಕ್ಕಿಯ ದರ ಏರಿದಾಗ ಮಾಲೆ ಕಟ್ಟುವವರ ಕೂಲಿ ಏನಾಗುತ್ತದೆ, ಸನ್ಮಾನಗಳಿಲ್ಲದ ಮಳೆಗಾಲದಲ್ಲಿ ಅವರು ಏನು ಮಾಡುತ್ತಾರೆ ಎಂದು ಕೇಳಿದಾಗ ಅದು ಬರಹದ ದಾರಿಗೆ ಬರುತ್ತದೆ.

ಹುಬ್ಬಳ್ಳಿಯ ಬೆಂಗೇರಿಯ ರಾಷ್ಟ್ರಧ್ವಜವೂ ಹಾಗೆಯೇ. ಅದನ್ನು ತಯಾರಿಸುವ, 1957ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಕಥೆ ಪ್ರತಿ ಆಗಸ್ಟ್‌ನಲ್ಲಿ ಬರುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂದು ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅವಕಾಶ ಸಿಕ್ಕಿತು. ಆಮೇಲೆ ನೂಲುವ, ನೇಯುವ, ಹೊಲಿಯುವ ಕೈಗಳಿಗೆ ಎಷ್ಟು ಕೆಲಸ ಉಳಿಯಿತು ಎಂಬುದನ್ನು ಅಲ್ಲಿಗೇ ಹೋಗಿ ಕೇಳಿ ಬರೆಯಬೇಕು. ಬೆಂಗಳೂರಿನ ವರದಿಗಾರ ಅದಕ್ಕಾಗಿ ಎರಡು ದಿನ ತೆಗೆದಿಡಬೇಕಾಗುತ್ತದೆ. ನಿಮಗೆ ಸಿಟಿ ಬಸ್ ಸಾಕು. ಭೇಟಿಯಲ್ಲಿ ಆಡಬೇಕಾದ ಮಾತು ಅದು. ‘ನಾನು ಅಲ್ಲೇ ಇದ್ದೇನೆ’ ಎನ್ನುವುದು ದೊಡ್ಡ ಅರ್ಹತೆ, ನಮ್ಮವರು ಅದನ್ನು ಹೇಳಲು ಯಾಕೋ ನಾಚುತ್ತಾರೆ.

ಕಾಲವನ್ನೂ ನೋಡಿಕೊಳ್ಳಿ. ಸ್ವಾತಂತ್ರ್ಯ ದಿನದ ಲೇಖನವನ್ನು ಆಗಸ್ಟ್ 10ಕ್ಕೆ ತಂದರೆ ಪುಟ ಆಗಲೇ ತುಂಬಿರುತ್ತದೆ. ಜೂನ್ ಕೊನೆಗೆ ಮಾತಾಡಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಬರುತ್ತವೆ. 2024ರಲ್ಲಿ ಅದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ಆ ಬರಹದ ಮಾತು ಅಕ್ಟೋಬರ್‌ನಲ್ಲೇ ಆಗಬೇಕು. ಹಕ್ಕಿ ಹಾರಿಹೋದ ಮೇಲಿನ ಪಿಚ್‌ಗೆ ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರ ಕಾದಿರುತ್ತದೆ.

ಇಷ್ಟು ಸಿದ್ಧತೆಯಾದ ಮೇಲೆ ಒಂದೂವರೆ ನಿಮಿಷದಲ್ಲಿ ಹೇಳುವಂತೆ ಬರೆದುಕೊಳ್ಳಿ. ಹಾವೇರಿಯ ಬರಹಗಾರ್ತಿಯೊಬ್ಬರು ಹೀಗೆ ಹೇಳಬಹುದು:

‘ನಮಸ್ಕಾರ ಸರ್. ಒಂದು ಚೀಲ ಮೆಣಸಿನಕಾಯಿ ಬೆಳಿಗ್ಗೆ ಬ್ಯಾಡಗಿ ಮಾರುಕಟ್ಟೆಗೆ ಬಂದು ಅದಕ್ಕೆ ಬೆಲೆ ಕಟ್ಟುವವರೆಗಿನ ಒಂದು ದಿನವನ್ನು ಬರೆಯಬೇಕೆಂದಿದ್ದೇನೆ. 2024ರ ಮಾರ್ಚ್‌ನಲ್ಲಿ ದರ ಕುಸಿದು ರೈತರು ಸಿಟ್ಟಿಗೆದ್ದಾಗ ವಾಹನಗಳು ಸುಟ್ಟ ಸುದ್ದಿ ಎಲ್ಲ ಕಡೆ ಬಂತು. ಆದರೆ ದರ ನಿಗದಿಯಾಗುವ ಬಗೆಯನ್ನು ಓದುಗರಿಗೆ ಬಿಡಿಸಿ ಹೇಳಬೇಕಿದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವನ್ನು ಖರೀದಿದಾರರು ಹೇಗೆ ಅಳೆಯುತ್ತಾರೆ ಎಂಬಲ್ಲಿಂದ ಆರಂಭಿಸುತ್ತೇನೆ. ಒಬ್ಬ ರೈತ, ಒಬ್ಬ ದಲಾಲಿ, ಒಬ್ಬ ಖರೀದಿದಾರ, ತೊಟ್ಟು ಬಿಡಿಸುವ ಒಬ್ಬ ಮಹಿಳೆ, ಈ ನಾಲ್ವರೊಂದಿಗೆ ಮಾತಾಡುತ್ತೇನೆ. ಇಬ್ಬರು ಒಪ್ಪಿದ್ದಾರೆ. ಆವಕ ಜೋರಾಗಿರುವಾಗಲೇ ಹೋಗಿ, ಸಾವಿರದ ಇನ್ನೂರು ಪದಗಳಲ್ಲಿ ಫೋಟೊ ಸಹಿತ ಫೆಬ್ರುವರಿ ಕೊನೆಗೆ ಕಳಿಸುತ್ತೇನೆ.’

ಇದರಲ್ಲಿ ಪರಿಚಯವೇ ಇಲ್ಲವಲ್ಲ ಎನ್ನಬಹುದು. ಬೇಕೆಂದರೆ ಅವರೇ ಕೇಳುತ್ತಾರೆ. ಅದಕ್ಕೂ ಮೊದಲು ಅವರು ಕೇಳುವುದು ‘ಇದು ಈಗಾಗಲೇ ಬಂದಿದೆಯಲ್ಲವೇ?’ ಎಂದು. ‘ಇಲ್ಲ ಸರ್’ ಎಂದು ಗಟ್ಟಿಸಿ ಹೇಳಬೇಡಿ. ಬಂದಿರಬಹುದು, ಅವರೇ ಪ್ರಕಟಿಸಿರಬಹುದು. ‘ಬಂದಿದೆ, ಅದು ಗಲಾಟೆಯ ಬಗ್ಗೆ, ನನ್ನದು ಬೆಲೆಯ ಬಗ್ಗೆ’ ಎಂದು ವ್ಯತ್ಯಾಸ ತೋರಿಸಿ. ಬೇಡವೆಂದರೆ ವಾದಕ್ಕಿಳಿಯದೆ ಎರಡನೆಯ ವಿಷಯವನ್ನು ಒಂದೇ ಸಾಲಿನಲ್ಲಿ ಮುಂದಿಡಿ. ಮೂರನೆಯದನ್ನು ತೆಗೆಯಬೇಡಿ. ಗಂಟು ಬಿಚ್ಚಿ ಸೀರೆಯ ಮೇಲೆ ಸೀರೆ ಹರವುವ ವ್ಯಾಪಾರಿಯಂತೆ ಕಾಣುತ್ತೀರಿ. ಅದರ ಬದಲು ‘ಮುಂದಿನ ಎರಡು ತಿಂಗಳು ನೀವು ಯಾವ ಬಗೆಯ ಬರಹ ಹುಡುಕುತ್ತಿದ್ದೀರಿ?’ ಎಂದು ಕೇಳಿ. ಒಮ್ಮೊಮ್ಮೆ ಇಡೀ ಭೇಟಿಯ ಲಾಭ ಈ ಪ್ರಶ್ನೆಯ ಉತ್ತರದಲ್ಲಿರುತ್ತದೆ.

ಕಂಪನಿಯವರಾದರೆ ಮಾತು ಬೇರೆ

ರಾಣೆಬೆನ್ನೂರಿನ ಬೀಜ ಕಂಪನಿ, ಹುಬ್ಬಳ್ಳಿಯ ಸ್ಟಾರ್ಟಪ್, ಸ್ವಯಂಸೇವಾ ಸಂಸ್ಥೆ, ಆಸ್ಪತ್ರೆ ಇವರೆಲ್ಲರಿಗೂ ಬರಹ ಬೇಕು, ಕಥೆ ಬೇಡ. ಅವರಿಗೊಂದು ತೊಂದರೆ ಇರುತ್ತದೆ, ಅದನ್ನು ಬರಹದಿಂದ ನೀಗಿಸಬಲ್ಲಿರಾ ಎಂಬುದೇ ಪ್ರಶ್ನೆ. ಆದ್ದರಿಂದ ಇಲ್ಲಿ ಮೊದಲು ಕೇಳಿ, ಆಮೇಲೆ ಹೇಳಿ. ಓದುವವರು ಯಾರು? ಓದಿ ಏನು ಮಾಡಬೇಕು? ಬರೆದದ್ದನ್ನು ಒಪ್ಪುವವರು ಒಬ್ಬರೋ ನಾಲ್ವರೋ? ಕೊನೆಯ ಪ್ರಶ್ನೆ ಮುಖ್ಯ. ಮ್ಯಾನೇಜರ್ ಒಪ್ಪಿದ್ದನ್ನು ಮಾಲೀಕರ ಮಗ ತಿದ್ದಿ, ಮಗ ತಿದ್ದಿದ್ದನ್ನು ಮಾಲೀಕರು ಮತ್ತೆ ತಿದ್ದುವ ಕೆಲಸಕ್ಕೆ ಸಂಭಾವನೆ ಬೇರೆಯೇ ಇರಬೇಕು. ಎಷ್ಟು ಸಲ ತಿದ್ದುಪಡಿ ಎಂಬುದನ್ನು ಆಗಲೇ ಮಾತಾಡಿಕೊಳ್ಳಿ. ಎರಡು ಸಲ ನ್ಯಾಯ.

ಕೈಯಲ್ಲೊಂದು ಮಾದರಿ ಇರಲಿ. ಬೀಜದ ಪ್ಯಾಕೆಟ್ಟಿನ ಜೊತೆ ಕೊಡುವ ಕರಪತ್ರಗಳನ್ನು ಓದಿದ್ದೀರಾ? ‘ಶಿಫಾರಿತ ಪ್ರಮಾಣದಲ್ಲಿ ಅನ್ವಯಿಸತಕ್ಕದ್ದು’ ಎಂಬಂಥ ಸಾಲು ಯಾವ ರೈತನಿಗೂ ಅಲ್ಲ. ಭೇಟಿಗೆ ಮುನ್ನ ಆ ಕಂಪನಿಯದೇ ಒಂದು ಕರಪತ್ರ ಹುಡುಕಿ, ಅದರ ಒಂದು ಪ್ಯಾರಾವನ್ನು ‘ಎಕರೆಗೆ ಇಷ್ಟು, ಬಿತ್ತಿದ ಇಷ್ಟನೇ ದಿನಕ್ಕೆ’ ಎಂಬಂತೆ ತಿಳಿಯಾಗಿ ಬರೆದು, ಎರಡನ್ನೂ ಅಕ್ಕಪಕ್ಕ ಇಟ್ಟು ಪರದೆಯಲ್ಲಿ ತೋರಿಸಿ. ಹೆಚ್ಚು ಮಾತು ಬೇಕಾಗುವುದಿಲ್ಲ. ‘ಟ್ರಯಲ್‌ಗೆ ಮೂರು ಲೇಖನ ಬರೆದುಕೊಡಿ’ ಎಂದು ಪುಕ್ಕಟೆ ಕೇಳಿದರೆ ನಗುತ್ತ ನಿರಾಕರಿಸಿ. ಮಾದರಿಗೆ ಒಂದು ಪ್ಯಾರಾ ಸಾಕು.

ತಾಂತ್ರಿಕ ಸಿದ್ಧತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದಿನ ಕಿಟಕಿ ಮುಚ್ಚಿರಲಿ, ಇಯರ್‌ಫೋನ್ ಇರಲಿ. ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಆದ್ದರಿಂದ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಾಗಿರಲಿ. ಪರದೆಯಲ್ಲಿ ನಿಮ್ಮ ಹೆಸರೇ ಕಾಣುತ್ತಿದೆಯೇ ನೋಡಿಕೊಳ್ಳಿ. ಮಗನ ಆನ್‌ಲೈನ್ ತರಗತಿಗೆ ಕೊಟ್ಟ ಹೆಸರಿನಲ್ಲೇ, ರೋಲ್ ನಂಬರ್ ಸಹಿತ, ಸಂಪಾದಕರ ಮುಂದೆ ಪ್ರತ್ಯಕ್ಷರಾದವರಿದ್ದಾರೆ. ವಿದೇಶದ ಸಂಪಾದಕರಾದರೆ ಸಮಯವನ್ನು ಎರಡೂ ಊರಿನ ಲೆಕ್ಕದಲ್ಲಿ ಬರೆದು ಖಚಿತಪಡಿಸಿಕೊಳ್ಳಿ. ಲಂಡನ್ ನಮಗಿಂತ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ನ್ಯೂಯಾರ್ಕ್ ಒಂಬತ್ತೂವರೆ, ಹತ್ತೂವರೆ. ಗಡಿಯಾರ ಬದಲಾಗುವ ಮಾರ್ಚ್ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ಭೇಟಿ ತಪ್ಪುವುದು ಹೆಚ್ಚು.

ದುಡ್ಡಿನ ಮಾತು, ಹಕ್ಕಿನ ಮಾತು

ಸಾಹಿತ್ಯದ ಊರಿನವರಿಗೆ ಸಂಭಾವನೆ ಕೇಳುವುದು ಮುಜುಗರ. ಆದರೆ ಬರಹ ಒಪ್ಪಿಗೆಯಾದ ಗಳಿಗೆಯಲ್ಲಿ ಕೇಳದಿದ್ದರೆ ಮುಂದೆ ಕೇಳುವ ಗಳಿಗೆ ಬರುವುದೇ ಇಲ್ಲ. ‘ಸಂಭಾವನೆ ಎಷ್ಟು, ಲೇಖನ ಒಪ್ಪಿದಾಗ ಕೊಡುತ್ತೀರಾ ಅಥವಾ ಪ್ರಕಟವಾದಾಗಲೇ?’ ಎಂದು ಒಂದೇ ಉಸಿರಿನಲ್ಲಿ ಕೇಳಿಬಿಡಿ. ಬರೆಸಿಕೊಂಡು ಪ್ರಕಟಿಸದೇ ಇದ್ದರೆ ಏನು ಎಂಬುದನ್ನೂ ಸೇರಿಸಿ.

ಹಕ್ಕಿನ ವಿಚಾರವನ್ನು ಬಹಳ ಜನ ಗಮನಿಸುವುದೇ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರರಲ್ಲದೆ ಬರೆದುಕೊಟ್ಟವರ ಲೇಖನದ ಮೊದಲ ಹಕ್ಕು ಬರೆದವರದೇ. ಅದನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಫೋನಿನಲ್ಲಿ ‘ಆಯಿತು ಸರ್’ ಎಂದರೆ ಆಗದು. ವರ್ಗಾವಣೆಯಲ್ಲಿ ಅವಧಿ ಹೇಳಿರದಿದ್ದರೆ ಐದು ವರ್ಷ, ಪ್ರದೇಶ ಹೇಳಿರದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಕಂಪನಿಗಳು ಸಾಮಾನ್ಯವಾಗಿ ಎಲ್ಲ ಹಕ್ಕನ್ನೂ ಕೇಳುತ್ತವೆ. ಕೊಡಿ, ಅದಕ್ಕೆ ತಕ್ಕ ಬೆಲೆ ಪಡೆದು. ಪತ್ರಿಕೆಗಾದರೆ ಮುಂದೆ ಪುಸ್ತಕದಲ್ಲಿ ಸೇರಿಸಿಕೊಳ್ಳುವ ಹಕ್ಕನ್ನು ಉಳಿಸಿಕೊಳ್ಳಿ.

ಒಂದೇ ಸಂಸ್ಥೆಯಿಂದ ವರ್ಷಕ್ಕೆ ₹50,000ಕ್ಕಿಂತ ಹೆಚ್ಚು ವೃತ್ತಿಪರ ಶುಲ್ಕ ಬಂದರೆ ಶೇ 10ರಷ್ಟು ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ) ಕಡಿತವಾಗುತ್ತದೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ ₹30,000 ಇತ್ತು. ಪ್ಯಾನ್ ಕೊಡದಿದ್ದರೆ ಕಡಿತ ಶೇ 20. ಒಟ್ಟು ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ ರಿಟರ್ನ್ಸ್ ಸಲ್ಲಿಸಿ ಮರಳಿ ಪಡೆಯಬಹುದು. ಕಂಪನಿಗಳ ಕೆಲಸವೇ ಹೆಚ್ಚಿದ್ದವರು ಸಣ್ಣ ಉದ್ಯಮಗಳ ನೋಂದಣಿಗಿರುವ ಕೇಂದ್ರ ಸರ್ಕಾರದ ‘ಉದ್ಯಮ್’ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳುವುದು ಒಳ್ಳೆಯದು. ಅದು ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ನೋಂದಾಯಿತ ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಂದಾಯವಾಗಬೇಕೆಂದು 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಬಿಲ್ಲಿನ ಕೆಳಗೆ ಆ ನೋಂದಣಿ ಸಂಖ್ಯೆ ಇದ್ದರೆ ಲೆಕ್ಕಪತ್ರ ವಿಭಾಗ ಸ್ವಲ್ಪ ಎಚ್ಚರದಿಂದಿರುತ್ತದೆ.

ಕರೆ ಮುಗಿದ ಮೇಲೆ

ಅದೇ ದಿನ ಒಂದು ಇಮೇಲ್ ಹೋಗಬೇಕು. ಧನ್ಯವಾದ ಒಂದು ಸಾಲು. ಒಪ್ಪಿದ ವಿಷಯ, ಪದಮಿತಿ, ಗಡುವು, ಸಂಭಾವನೆ ಒಂದೊಂದು ಸಾಲು. ‘ನಾನು ಅರ್ಥಮಾಡಿಕೊಂಡದ್ದು ಸರಿಯಿದೆಯೇ ದಯವಿಟ್ಟು ತಿಳಿಸಿ’ ಎಂದು ಮುಗಿಸಿ. ಅವರು ‘ಸರಿ’ ಎಂದು ಉತ್ತರಿಸಿದರೆ ನಿಮ್ಮ ಬಳಿ ದಾಖಲೆಯೊಂದು ಉಳಿಯುತ್ತದೆ. ಕರೆಯಲ್ಲಿ ನಂಬರ್ ಸಿಕ್ಕಿತೆಂದು ಮರುದಿನದಿಂದ ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರದ ಶುಭೋದಯ ಕಳಿಸಬೇಡಿ.

‘ಯೋಚಿಸಿ ಹೇಳುತ್ತೇವೆ’ ಎಂದವರಿಗೆ ಒಂದು ವಾರ ಬಿಡಿ, ಆಮೇಲೆ ಒಂದು ನೆನಪಿನ ಪತ್ರ ಬರೆಯಿರಿ. ಅಲ್ಲಿಯವರೆಗೆ ಅದೇ ಬರಹವನ್ನು ಇನ್ನೊಬ್ಬ ಸಂಪಾದಕರಿಗೆ ತೋರಿಸಬೇಡಿ. ಎರಡು ಪತ್ರಿಕೆಗಳಲ್ಲಿ ಒಂದೇ ವಾರ ಒಂದೇ ಲೇಖನ ಬಂದರೆ ಎರಡೂ ಬಾಗಿಲು ಮುಚ್ಚುತ್ತವೆ. ಇನ್ನೊಂದು ವಾರ ಕಳೆದರೂ ಸದ್ದಿಲ್ಲವಾದರೆ ‘ಈ ವಿಷಯವನ್ನು ಬೇರೆ ಪತ್ರಿಕೆಗೆ ಕೊಡುತ್ತಿದ್ದೇನೆ, ತಮ್ಮ ಸಮಯಕ್ಕೆ ಧನ್ಯವಾದ’ ಎಂದು ಬರೆದು, ನಿಜವಾಗಿಯೂ ಕೊಟ್ಟುಬಿಡಿ. ಎರಡು ವಾರ ಮೌನವಾಗಿದ್ದವರು ಈ ಒಂದು ಸಾಲಿಗೆ ಅರ್ಧ ಗಂಟೆಯಲ್ಲೇ ಉತ್ತರಿಸುವುದೂ ಉಂಟು.