ಕುದುರೆ ಸೊರಗಿದರೆ ಲಾಯದ ನಾಯಿಗಳನ್ನೂ ಗಮನಿಸಿ

ಯಲಹಂಕದ ಆಚೆ ನಮ್ಮದೊಂದು ಸಣ್ಣ ಲಾಯ ಇದೆ, ಮಕ್ಕಳಿಗೆ ಸವಾರಿ ಕಲಿಸುತ್ತೇವೆ. ಅಲ್ಲಿನ ರಾಣಿ ಅನ್ನೋ ಕುದುರೆ ಹುರುಳಿ, ಬೂಸಾ ಎಲ್ಲ ಚೆನ್ನಾಗಿಯೇ ತಿನ್ನುತ್ತಿತ್ತು, ಆದರೂ ದಿನೇ ದಿನೇ ಸೊರಗಿತು. ಜೀನು ಕೂರುವ ಜಾಗದ ಹಿಂದೆ ಬೆನ್ನೆಲುಬಿನ ಎರಡೂ ಪಕ್ಕ ಗುಳಿ ಬಿತ್ತು. ಗೊರಸು ಕೆರೆಯೋಕೆ ಹಿಂಗಾಲು ಎತ್ತಿದರೆ ತೊಡೆ ಗಡಗಡ ನಡುಗುತ್ತಿತ್ತು.

ನೊಣ ಕಚ್ಚಿ ಬರುವ ಸರ್ರಾ ಇರಬಹುದು ಅಂತ ಡಾಕ್ಟ್ರು ಮೊದಲು ರಕ್ತ ನೋಡಿದರು, ಪರಾವಲಂಬಿ ಕಾಣಲಿಲ್ಲ. ಆದರೆ ಸ್ನಾಯು ಹಾಳಾದಾಗ ರಕ್ತದಲ್ಲಿ ಏರುವ ಸಿಕೆ, ಎಎಸ್‌ಟಿ ಅನ್ನೋ ಕಿಣ್ವಗಳು ಎರಡೂ ಜಾಸ್ತಿ ಇದ್ದವು. ಸ್ನಾಯುವಿಗೆ ಪೆಟ್ಟು ಬೀಳೋದು ನಿಂತರೆ ಸಿಕೆ ಕೆಲವೇ ದಿನಗಳಲ್ಲಿ ಇಳಿಯುತ್ತೆ, ಎಎಸ್‌ಟಿ ವಾರಗಟ್ಟಲೆ ಉಳಿಯುತ್ತೆ. ಸವಾರಿ ನಿಲ್ಲಿಸಿ ಮತ್ತೆ ನೋಡಿದಾಗಲೂ ಸಿಕೆ ಇಳಿದಿರಲಿಲ್ಲ. ಅಂದರೆ ಒಳಗೆ ಇನ್ನೂ ಏನೋ ಸ್ನಾಯು ಹಾಳುಮಾಡುತ್ತಿದೆ. ತೊಡೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದೆವು. ಬಂದ ಉತ್ತರ ಸಾರ್ಕೊಸಿಸ್ಟಿಸ್, ಅಂದರೆ ಸ್ನಾಯುವಿನೊಳಗೆ ಸಣ್ಣ ಗಂಟು ಕಟ್ಟಿಕೊಂಡು ಕೂರುವ ಒಂದು ಪರಾವಲಂಬಿ.

ಇಲ್ಲೊಂದು ಮಾತು. ಈ ಗಂಟುಗಳು ಆರೋಗ್ಯವಾಗಿರುವ ಎಷ್ಟೋ ಕುದುರೆಗಳ ಸ್ನಾಯುವಿನಲ್ಲೂ ಸುಮ್ನೆ ಇರುತ್ತವೆ. ಕಂಡ ಕೂಡಲೇ ಇದೇ ರೋಗ ಅನ್ನೋಕಾಗಲ್ಲ. ರಾಣಿಗೆ ಗಂಟಿನ ಸುತ್ತ ಉರಿಯೂತವೂ ಇತ್ತು, ಬೇರೆ ಕಾರಣಗಳೂ ಸಿಗಲಿಲ್ಲ, ಹಾಗಾಗಿ ಡಾಕ್ಟ್ರು ಸಲ್ಫಾಡಯಾಜಿನ್, ಪೈರಿಮೆಥಮಿನ್ ಶುರು ಮಾಡಿದರು, ಜೊತೆಗೆ ನೋವಿನ ಔಷಧಿ, ವಿಶ್ರಾಂತಿ. ಇದಕ್ಕೇ ಅಂತ ಪಕ್ಕಾ ಮದ್ದು ಇಲ್ಲ ಅಂತ ಅವರು ಮೊದಲೇ ಹೇಳಿದ್ದರು. ನಿಧಾನಕ್ಕೆ ಬೆನ್ನು ತುಂಬಿಕೊಂಡಿತು.

ನನ್ನ ಪ್ರಕಾರ ನಿಜವಾದ ಕೆಲಸ ಇರೋದು ಮೇವಿನ ಕೋಣೆಯಲ್ಲಿ. ಸೋಂಕಿರುವ ಕುದುರೆಯ ಹಸಿ ಮಾಂಸ ನಾಯಿ ತಿನ್ನುತ್ತೆ, ಆಮೇಲೆ ಅದರ ಹೇಲಿನಲ್ಲಿ ಬೀಜದಂಥ ಕಣಗಳು ಬೀಳುತ್ತವೆ, ಅವು ಮೇವು ನೀರಿನಲ್ಲಿ ಸೇರಿ ಕುದುರೆ ಹೊಟ್ಟೆಗೆ ಹೋಗುತ್ತವೆ. ಮಾಮೂಲಿ ಫಿನಾಯಿಲ್‌ಗೆ ಅವು ಜಗ್ಗಲ್ಲ. ನಮ್ಮಲ್ಲಿ ಬೀದಿ ನಾಯಿಗಳು ಹುಲ್ಲಿನ ರಾಶಿ ಮೇಲೇ ಮಲಗುತ್ತಿದ್ದವು, ಬೆಂಗಳೂರಲ್ಲಿ ಅದೇನು ಹೊಸದಲ್ಲ ಅಲ್ವಾ! ಈಗ ಬೂಸಾ, ಹುರುಳಿಗೆ ಮುಚ್ಚಳದ ಡ್ರಮ್, ಹುಲ್ಲಿನ ಕೋಣೆಗೆ ಜಾಲರಿ ಬಾಗಿಲು, ಕುದುರೆ ಮಸಾಲೆ ಸೊಪ್ಪು ನೆಲದ ಮೇಲೆ ಹಾಕಲ್ಲ. ನಾಯಿಗಳನ್ನು ಓಡಿಸಿಲ್ಲ, ಬೇಯಿಸಿದ್ದನ್ನೇ ಹಾಕುತ್ತೇವೆ. ಕುದುರೆ ಸತ್ತರೆ ಆಳವಾಗಿ ಹೂಳಲೇಬೇಕು, ಕೆರೆ ಬದಿಯಲ್ಲಿ ಎಸೆದರೆ ನಾಯಿಗಳಿಗೆ ಹಬ್ಬ, ಸುತ್ತಲಿನ ಲಾಯಗಳಿಗೆ ತಲೆನೋವು.

ಕುದುರೆಯಿಂದ ಕುದುರೆಗೆ ಇದು ನೇರವಾಗಿ ಹರಡಲ್ಲ, ಹಾಗಾಗಿ ರಾಣಿಯನ್ನು ಬೇರೆ ಕಟ್ಟಲಿಲ್ಲ. ಮಕ್ಕಳಿಗೆ ಅಂಟುತ್ತಾ ಅಂತ ಅಪ್ಪ ಅಮ್ಮಂದಿರು ಕೇಳಿದರು. ಸವಾರಿಯಿಂದ ಏನೂ ಆಗಲ್ಲ. ಜಪಾನಿನಲ್ಲಿ ಹಸಿ ಕುದುರೆ ಮಾಂಸ ತಿಂದವರಿಗೆ ಇದರಿಂದ ವಾಂತಿ ಭೇದಿ ಆಗಿದೆ ಅಂದಾಗ ಒಬ್ಬರು ನಕ್ಕು, ಸದ್ಯ ನಮ್ಮ ಮನೇಲಿ ಆ ಅಭ್ಯಾಸ ಇಲ್ಲ ಬಿಡಿ ಅಂದರು.