ಥಾಯ್ ಮಸಾಜ್‌ಗೆ ಯಾವ ಹೊತ್ತು ಸರಿ?

ಥಾಯ್ ಮಸಾಜಿನಲ್ಲಿ ಎಣ್ಣೆ ಹಚ್ಚುವುದಿಲ್ಲ. ಸಡಿಲ ಹತ್ತಿಬಟ್ಟೆ ತೊಟ್ಟು ನೆಲದ ಹಾಸಿನ ಮೇಲೆ ಮಲಗಿದವರ ಮೈಯನ್ನು ಹೆಬ್ಬೆರಳು, ಅಂಗೈ, ಮೊಣಕೈಗಳಿಂದ ಒತ್ತುತ್ತಾರೆ, ಕೈಕಾಲು ಎಳೆಯುತ್ತಾರೆ, ಸೊಂಟ ತಿರುವುತ್ತಾರೆ. ಹಾಗಾಗಿ ಮೊದಲು ನೋಡಬೇಕಾದ್ದು ಊಟದ ಹೊತ್ತು. ಹೊಟ್ಟೆತುಂಬ ಉಂಡಿದ್ದರೆ ಎರಡು ಗಂಟೆ ಬಿಡಿ. ಇಲ್ಲವಾದರೆ ಮೊಣಕಾಲನ್ನು ಎದೆಗೆ ಒತ್ತುವಾಗಲೇ ಹುಳಿತೇಗು ಬರುತ್ತದೆ. ಬರಿಹೊಟ್ಟೆಯೂ ಬೇಡ, ಎದ್ದಾಗ ತಲೆಸುತ್ತು ಬಂದೀತು. ಒಂದು ಗಂಟೆ ಮೊದಲು ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು ಸಾಕು.

ಮುಂಬಯಿಯಲ್ಲಿ ಜನ ಮರೆಯುವುದು ಮನೆಗೆ ಮರಳುವ ದಾರಿಯನ್ನು. ದಾದರಿನಲ್ಲಿ ಮಸಾಜ್ ಮುಗಿಸಿ ಸಂಜೆ ಆರೂವರೆಯ ಡೊಂಬಿವಲಿ ಲೋಕಲ್ ಹತ್ತಿದರೆ, ಹಿಡಿಕೆಗೆ ಜೋತು ನಿಂತಲ್ಲೇ ಸಡಿಲಗೊಂಡ ಹೆಗಲು ಮತ್ತೆ ಬಿಗಿಯುತ್ತದೆ, ಕೊಟ್ಟ ದುಡ್ಡು ದಂಡ. ಕಚೇರಿಗೆ ಹೋಗುವವರಿಗೆ ರಜೆಯ ದಿನ ಬೆಳಿಗ್ಗೆ ಹತ್ತು ಗಂಟೆ ಚೆನ್ನ. ವಾರದ ನಡುವೆಯೇ ಆಗಬೇಕೆಂದರೆ ಮನೆಯ ಹತ್ತಿರದ ಜಾಗ ನೋಡಿ, ರಾತ್ರಿ ಊಟಕ್ಕೆ ಮುಂಚೆ ಹೋಗಿ. ಹೋಟೆಲಿನವರಿಗೆ ಮಧ್ಯಾಹ್ನದ ರಶ್ ಇಳಿದ ಮೇಲೆ ಬಿಡುವು ಸಿಕ್ಕುತ್ತದೆ, ನಿಜ. ಆದರೆ ಸಂಜೆ ಮತ್ತೆ ಕೌಂಟರಿನಲ್ಲಿ ನಿಲ್ಲುವುದಿದ್ದರೆ ಆ ಹೊತ್ತು ಬೇಡವೇ ಬೇಡ. ನಿಂತು ನಿಂತು ಮೀನಖಂಡದಲ್ಲಿ ನರ ಉಬ್ಬಿದ್ದರೆ ಅಲ್ಲಿ ಒತ್ತಬಾರದೆಂದು ಮೊದಲೇ ಹೇಳಿ.

60 ನಿಮಿಷ ಕಡಿಮೆಯೇ, 90 ಹೇಳಿ. ಸಾಮಾನ್ಯವಾಗಿ ಪಾದದಿಂದ ಶುರುಮಾಡಿ ಮೇಲಕ್ಕೆ ಬಂದು ತಲೆಯಲ್ಲಿ ಮುಗಿಸುತ್ತಾರೆ. ನೀವು ತಡವಾಗಿ ಹೋದರೆ ಅವಸರವಾಗುವುದು ಕತ್ತು, ಹೆಗಲಿಗೇ. ಕಂಪ್ಯೂಟರ್ ಮುಂದೆ ಕೂರುವವರಿಗೆ ಬೇಕಾದ್ದೂ ಅದೇ ಭಾಗ. ಹದಿನೈದು ನಿಮಿಷ ಮೊದಲೇ ತಲುಪಿ.

ಜನವರಿಯ ಮ್ಯಾರಥಾನ್ ಓಡಿದವರು ಅಂದು ಸಂಜೆಯೇ ಹೋಗಬೇಡಿ. ಸ್ನಾಯುನೋವು ಏರುವುದು ಮರುದಿನ, ಮೂರನೆಯ ದಿನ. ಅದು ಇಳಿಯುವ ತನಕ ಗಟ್ಟಿಯಾಗಿ ಒತ್ತಿಸಿಕೊಳ್ಳಬಾರದು.

ಜ್ವರ, ಇತ್ತೀಚಿನ ಆಪರೇಷನ್, ಮೂಳೆ ಸವೆತ, ಮುರಿತ ಇದ್ದರೆ ಮುಂದೂಡಿ. ಊರಿನಿಂದ ರಾತ್ರಿ ಬಸ್ಸಿನಲ್ಲೋ ದೂರದ ವಿಮಾನದಲ್ಲೋ ಬಂದ ಮೇಲೆ ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಮಸಾಜ್ ಅಪಾಯ, ಮೊದಲು ವೈದ್ಯರ ಬಳಿ ಹೋಗಿ. ಬಸುರಿಯರೂ ವೈದ್ಯರನ್ನು ಕೇಳಿಯೇ ಹೋಗಬೇಕು. ತೊಡೆಸಂದಿಯಲ್ಲಿ ಒತ್ತಿಹಿಡಿದು ರಕ್ತದ ಹರಿವನ್ನು ತುಸು ತಡೆದು ಬಿಡುವ ಪಟ್ಟೊಂದಿದೆ. ಬಿಪಿ, ಹೃದಯದ ತೊಂದರೆ ಇರುವವರು ಅದು ಬೇಡವೆನ್ನಿ.

ಮರುದಿನ ಮೈ ಸ್ವಲ್ಪ ನೊಂದರೆ ಗಾಬರಿ ಬೇಡ. ಎರಡು ದಿನ ಕಳೆದರೂ ನೋವು ಹಾಗೇ ಇದ್ದರೆ ಒತ್ತಿದ್ದು ಜಾಸ್ತಿಯಾಗಿದೆ. ಮುಂದಿನ ಸಲ ಹಗುರ ಕೈ ಸಾಕೆಂದು ಮಲಗುವ ಮುಂಚೆಯೇ ಹೇಳಿಬಿಡಿ.